ಗ್ರಾಮಾರೋಗ್ಯಕ್ಕೆ ದತ್ತಿ: ಕ್ಲೋಸ್‌ಪೇಟೆಯ ಪಾಠ, ಮರಳವಾಡಿಯ ಪ್ರಶ್ನೆ

ದಾನ, ದತ್ತಿ, ಅನುದಾನ ಎಂಬ ಮೂರು ಮಾತುಗಳೂ ‘ದಾ’ ಎಂಬ ಒಂದೇ ಧಾತುವಿನಿಂದ ಹುಟ್ಟಿದವು. ಹುಟ್ಟು ಒಂದಾದರೂ ಬಳಕೆಯಲ್ಲಿ ಇವುಗಳ ದಾರಿ ಬೇರೆಯಾಗಿದೆ. ದಾನವು ಕೊಟ್ಟವನ ಕೈಯಿಂದ ಜಾರಿದೊಡನೆ ಮುಗಿಯಿತು. ದತ್ತಿಯೆಂದರೆ ಮೂಲಧನವನ್ನು ಕದಲಿಸದೆ ಅದರ ಉತ್ಪತ್ತಿಯಿಂದ ನಿತ್ಯಕಾರ್ಯವನ್ನು ನಡೆಸುವ ಏರ್ಪಾಡು. ಅನುದಾನದಲ್ಲಿರುವ ‘ಅನು’ ಎಂಬ ಉಪಸರ್ಗವಾದರೋ ಅನುಚರ, ಅನುಗಮನ ಎಂಬಲ್ಲಿರುವಂತೆ ಹಿಂಬಾಲಿಸುವುದು ಎಂಬ ಅರ್ಥವನ್ನು ಕೊಡುತ್ತದೆ. ಕಾರ್ಯವೊಂದು ಮುಂದೆ ನಡೆಯುತ್ತಿರಬೇಕು, ಹಣ ಅದರ ಹಿಂದೆ ಬರಬೇಕು. ಇಂದು ಆರೋಗ್ಯಸೇವೆಗಾಗಿ ಪ್ರತಿಷ್ಠಾನಗಳಿಂದ ಅನುದಾನವನ್ನು ಬಯಸುವ ಸಂಘಸಂಸ್ಥೆಗಳು ಬಹುಮಟ್ಟಿಗೆ ಈ ಉಪಸರ್ಗವನ್ನು ಮರೆತು, ಹಣ ಬರಲಿ, ಆಮೇಲೆ ಕಾರ್ಯವನ್ನು ಯೋಚಿಸೋಣ ಎಂದುಕೊಳ್ಳುವುದುಂಟು.

ನಮ್ಮ ಪೂರ್ವಿಕರು ಈ ವಿಷಯದಲ್ಲಿ ಹೆಚ್ಚು ಎಚ್ಚರವುಳ್ಳವರಾಗಿದ್ದರು. 1162ರ ಬಳ್ಳಿಗಾವೆಯ ಶಾಸನವು ಅಲ್ಲಿಯ ಕೋಡಿಯ ಮಠವನ್ನು ವರ್ಣಿಸುತ್ತ, ವಿದ್ಯಾಭ್ಯಾಸ ಅನ್ನದಾನಗಳೊಡನೆ ಅನಾಥ ರೋಗಿಗಳ ಚಿಕಿತ್ಸೆಯನ್ನೂ ಹೇಳಿದೆ. ಇದಕ್ಕಿಂತ ಹಳೆಯದೂ ಹೆಚ್ಚು ವಿವರವುಳ್ಳದ್ದೂ ಆದುದು ಈಗಿನ ತಮಿಳುನಾಡಿನ ತಿರುಮುಕ್ಕೂಡಲ್ ದೇವಾಲಯದ 1069ರ ಶಾಸನ. ಚೋಳ ವೀರರಾಜೇಂದ್ರನ ಕಾಲದ್ದು. ಕನಕಪುರ, ಚನ್ನಪಟ್ಟಣಗಳ ಸೀಮೆಯೂ ಆಗ ಚೋಳರ ಆಳ್ವಿಕೆಗೇ ಒಳಪಟ್ಟಿದ್ದುದರಿಂದ ಅದನ್ನು ಹೊರನಾಡಿನ ಮಾತೆಂದು ತಳ್ಳಬೇಕಾಗಿಲ್ಲ. ಅಲ್ಲಿದ್ದ ಆತುರಶಾಲೆಗೆ 15 ಹಾಸಿಗೆಗಳು. ವೈದ್ಯನೊಬ್ಬ, ಶಸ್ತ್ರಚಿಕಿತ್ಸಕನೊಬ್ಬ, ಮೂಲಿಕೆ ತಂದು ಔಷಧ ಸಿದ್ಧಪಡಿಸುವವರು, ಉಪಚಾರ ಮಾಡುವ ಸ್ತ್ರೀಯರು, ಕ್ಷೌರಿಕ, ಹೀಗೆ ಪ್ರತಿಯೊಬ್ಬರಿಗೂ ಸಲ್ಲಬೇಕಾದ ಜೀವಿತವನ್ನು ಶಾಸನವು ಗೊತ್ತುಮಾಡಿದೆ. ಕೂಡಿಡಬೇಕಾದ ಔಷಧಗಳ ಹೆಸರುಗಳನ್ನು ಒಂದೊಂದಾಗಿ ಕೊಟ್ಟು, ರಾತ್ರಿ ದೀಪದ ಎಣ್ಣೆಯನ್ನೂ ಮರೆತಿಲ್ಲ. ಕಟ್ಟಡವನ್ನು ಕಟ್ಟಿಸುವ ವೈಭವಕ್ಕಿಂತ ಅದರೊಳಗೆ ದುಡಿಯುವವರ ನಿತ್ಯದ ಗ್ರಾಸವೇ ದಾನಿಯ ಮನಸ್ಸಿನಲ್ಲಿ ನಿಂತಿತ್ತೆಂಬುದು ಇದರಿಂದ ಸ್ಪಷ್ಟ.

ಆಧುನಿಕ ಕಾಲದಲ್ಲಿ ಇದೇ ವಿವೇಕವು ಮತ್ತೊಂದು ರೂಪದಿಂದ ಕಾಣಿಸಿಕೊಂಡದ್ದು ಮರಳವಾಡಿಗೆ ದೂರವಲ್ಲದ ರಾಮನಗರದಲ್ಲಿ. ಸ್ವಾತಂತ್ರ್ಯಾನಂತರ ರಾಮನಗರವೆಂಬ ಹೆಸರು ಪಡೆದ ಈ ಊರು ಅದಕ್ಕೆ ಮೊದಲು, ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸ್ ಎಂಬ ಆಂಗ್ಲ ಅಧಿಕಾರಿಯ ನೆನಪಿನಲ್ಲಿ ಕ್ಲೋಸ್‌ಪೇಟೆ ಎನಿಸಿಕೊಂಡಿತ್ತು. 1930ರ ದಶಕದಲ್ಲಿ, ಸರ್ ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದಾಗ, ಮೈಸೂರು ಸರ್ಕಾರವು ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನೊಡನೆ ಇಲ್ಲಿ ಗ್ರಾಮಾಂತರ ಆರೋಗ್ಯ ಘಟಕವೊಂದನ್ನೂ ತರಬೇತಿಯ ಕೇಂದ್ರವನ್ನೂ ನಡೆಸಿತು. ಆ ಪ್ರತಿಷ್ಠಾನ ಸ್ಥಾಪಿತವಾದದ್ದು 1913ರಲ್ಲಿ. ಕೊಕ್ಕೆಹುಳುವಿನ ನಿವಾರಣೆಯಿಂದ ಮೊದಲಾದ ಅದರ ಆರೋಗ್ಯಕಾರ್ಯ ಮಲೇರಿಯಾದ ಕಡೆಗೂ ಗ್ರಾಮನೈರ್ಮಲ್ಯದ ಕಡೆಗೂ ಹಬ್ಬಿ ಮೈಸೂರು ಸಂಸ್ಥಾನವನ್ನು ಮುಟ್ಟಿತ್ತು.

ಆರೋಗ್ಯ ಘಟಕವೆಂದರೆ ಆಸ್ಪತ್ರೆಯಲ್ಲ. ರೋಗಿಯು ಬರಲೆಂದು ಕಾಯುತ್ತ ಕೂರದೆ ಆರೋಗ್ಯಾಧಿಕಾರಿ, ಇನ್ಸ್‌ಪೆಕ್ಟರು, ಸೂಲಗಿತ್ತಿಯರು ಗೊತ್ತಾದ ಸೀಮೆಯೊಳಗಣ ಹಳ್ಳಿಗಳಿಗೆ ತಾವೇ ಹೋಗುವುದು, ಮನೆಮನೆಯ ಜನನಮರಣಗಳನ್ನು ಬರೆದಿಡುವುದು, ದೇವಿ ಹಾಕುವುದು, ಬಸುರಿಯನ್ನೂ ಬಾಣಂತಿಯನ್ನೂ ಕಂಡುಬರುವುದು, ಪಾಯಿಖಾನೆಯನ್ನೂ ಕುಡಿಯುವ ನೀರಿನ ಬಾವಿಯನ್ನೂ ನೋಡಿಕೊಳ್ಳುವುದು, ಇದು ಅದರ ಕ್ರಮ. ಇಂದು ಸಾಮಾನ್ಯವೆನಿಸುವ ಈ ಕೆಲಸ ಅಂದು ಹೊಸದು. ಇಂತಹ ಘಟಕಗಳ ಅನುಭವವು 1946ರಲ್ಲಿ ವರದಿ ಒಪ್ಪಿಸಿದ ಭೋರ್ ಸಮಿತಿಯ ಕಣ್ಣ ಮುಂದಿತ್ತು. ಆ ಸಮಿತಿ ಸೂಚಿಸಿದ ಪ್ರಾಥಮಿಕ ಆರೋಗ್ಯ ಕೇಂದ್ರಗಳು 1952ರಲ್ಲಿ ಮೊದಲಾದ ಸಮುದಾಯಾಭಿವೃದ್ಧಿ ಯೋಜನೆಯೊಡನೆ ನಾಡಿನಲ್ಲೆಲ್ಲ ಹರಡಿದವು.

ಆದರೆ ಇಲ್ಲಿ ಮುಖ್ಯವಾಗಿ ಗಮನಿಸಬೇಕಾದದ್ದು ಪ್ರತಿಷ್ಠಾನವು ಹಣ ಕೊಟ್ಟ ರೀತಿ. ಬಡವರಿಗೆ ಔಷಧ ಹಂಚಲಿಕ್ಕಾಗಲಿ ಭವ್ಯವಾದ ಕಟ್ಟಡಕ್ಕಾಗಲಿ ಕೊಡುವುದು ಅದರ ಆರೋಗ್ಯಶಾಖೆಯ ಪದ್ಧತಿಯಾಗಿರಲಿಲ್ಲ. ಯಾವ ಸರ್ಕಾರವು ತನ್ನ ಪಾಲನ್ನು ಮೊದಲೇ ಹಾಕಲು ಒಪ್ಪುವುದೋ ಅದರೊಡನೆ ಮಾತ್ರ ಕರಾರು. ಮೊದಲ ವರ್ಷ ಪ್ರತಿಷ್ಠಾನದ ಪಾಲು ಹೆಚ್ಚು, ಬರುಬರುತ್ತ ಕಡಮೆ, ಕಡೆಗೆ ಸೊನ್ನೆ. ಅಷ್ಟರೊಳಗೆ ಪೂರ್ತಿ ಹೊರೆಯನ್ನು ಸರ್ಕಾರವೇ ಹೊರಬೇಕು. ಮೇಲುನೋಟಕ್ಕೆ ಇದು ಜಿಪುಣತನವೆಂದು ತೋರಬಹುದು; ನಡೆಯಲು ಕಲಿಯುವ ಮಗುವಿನ ಕೈಯನ್ನು ತಾಯಿ ಮೆಲ್ಲಮೆಲ್ಲನೆ ಬಿಡುವುದನ್ನು ಯಾರೂ ಜಿಪುಣತನವೆನ್ನರು. ದಾನಿಯು ತಾನು ಹೊರಡುವ ದಿನವನ್ನು ಬರುವ ದಿನವೇ ತಿಳಿಸಿದ್ದರಿಂದ ಕ್ಲೋಸ್‌ಪೇಟೆಯ ಕೆಲಸ ಅವನೊಡನೆ ಹೊರಟುಹೋಗಲಿಲ್ಲ. ಪ್ರತಿಷ್ಠಾನದ ಅಂತರರಾಷ್ಟ್ರೀಯ ಆರೋಗ್ಯಶಾಖೆಯೇ 1951ರಲ್ಲಿ ಮುಚ್ಚಿತು. ರಾಮನಗರದ ತರಬೇತಿ ಕೇಂದ್ರ ಅದರ ತರುವಾಯವೂ ನಡೆಯಿತು.

ಇಂದು ಪರದೇಶದ ಹಣವನ್ನು ಹಾಗೆ ಪಡೆಯುವುದು ಸುಲಭವಲ್ಲ. 2010ರ ವಿದೇಶಿ ವಂತಿಗೆ ಕಾಯಿದೆಯಡಿ ನೋಂದಣಿ ಬೇಕು. 2020ರ ತಿದ್ದುಪಡಿಯ ಮೇಲೆ, ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಮತ್ತೊಂದಕ್ಕೆ ದಾಟಿಸುವಂತಿಲ್ಲ. ದೊಡ್ಡ ಸಂಸ್ಥೆಯೊಂದರ ನೆರಳಿನಲ್ಲಿ ಹಳ್ಳಿಯ ಪುಟ್ಟ ಸಂಘಗಳು ಬದುಕುತ್ತಿದ್ದ ದಾರಿ ಇದರಿಂದ ಮುಚ್ಚಿತು. ಅದಕ್ಕೆ ಬದಲಾಗಿ ಊರ ಬಳಿಯಲ್ಲೇ ಮತ್ತೊಂದು ದಾರಿ ತೆರೆದಿದೆ. 2013ರ ಕಂಪೆನಿ ಕಾಯಿದೆಯ 135ನೆಯ ಕಲಮು 2014ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಅದರಂತೆ 500 ಕೋಟಿ ರೂಪಾಯಿ ನಿವ್ವಳ ಆಸ್ತಿ, 1,000 ಕೋಟಿ ವಹಿವಾಟು, 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಯಾವುದಾದರೊಂದನ್ನು ಮುಟ್ಟಿದ ಕಂಪೆನಿಯು ಹಿಂದಿನ 3 ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ 2ರಷ್ಟನ್ನು ಸಮಾಜಕ್ಕೆ ವಿನಿಯೋಗಿಸಬೇಕು. ಆರೋಗ್ಯವೂ ನೈರ್ಮಲ್ಯವೂ ಅದರ ಪಟ್ಟಿಯಲ್ಲಿವೆ. ತಾನು ನೆಲೆಸಿದ ಪ್ರದೇಶಕ್ಕೇ ಮೊದಲ ಮಣೆ ಹಾಕಬೇಕೆಂದೂ ಕಾಯಿದೆ ಹೇಳುತ್ತದೆ. ಬಿಡದಿ, ಹಾರೋಹಳ್ಳಿಗಳ ಕೈಗಾರಿಕಾ ಪ್ರದೇಶಗಳು ಮರಳವಾಡಿಯ ನೆರೆಯವೇ ಆಗಿರುವುದನ್ನು ಇಲ್ಲಿ ಸ್ಮರಿಸಬಹುದು.

ಏನನ್ನು ಕೇಳಬೇಕೆಂಬುದೇ ಪ್ರಶ್ನೆ. ಕಟ್ಟಡವನ್ನು ಕೇಳುವುದು ಸುಲಭ, ಕೊಡುವುದೂ ಸುಲಭ; ಗೋಡೆಗೆ ಹೆಸರಿನ ಕಲ್ಲನ್ನು ಹಾಕಬಹುದು. ಕನಕಪುರದಲ್ಲಿ ತಾಯಿಮಕ್ಕಳ ಆಸ್ಪತ್ರೆಯನ್ನು ಇನ್ಫೋಸಿಸ್ ಪ್ರತಿಷ್ಠಾನ ಕಟ್ಟಿಸಿಕೊಟ್ಟಿರುವುದು ಯೋಗ್ಯವಾದ ಕೊಡುಗೆಯೇ. ಸರ್ಕಾರಿ ಆಸ್ಪತ್ರೆಯಾದ್ದರಿಂದ ವೈದ್ಯರ ಸಂಬಳ ಸರ್ಕಾರದ ಹೊಣೆ. ಬನ್ನೇರುಘಟ್ಟದ ಕಾಡಿನಂಚಿನ ಸಣ್ಣ ಹಳ್ಳಿಗೆ ಅಂತಹ ಆಸರೆಯಿಲ್ಲ. ಅಲ್ಲಿಗೆ ಬೇಕಾದದ್ದು ವಾರಕ್ಕೊಮ್ಮೆ ತಪ್ಪದೆ ಬರುವ ದಾದಿ, ರಕ್ತದೊತ್ತಡಕ್ಕೂ ಸಕ್ಕರೆ ಕಾಯಿಲೆಗೂ ಕಡಿವಡೆಯದ ಮಾತ್ರೆ, ಸಂಜೆಯ ಮೇಲೆ ಆನೆಯ ಭಯವಿರುವ ದಾರಿಯಲ್ಲಿ ಹೆರಿಗೆಗೆ ಒದಗುವ ವಾಹನದ ಡೀಸೆಲ್ಲು. ಇವಕ್ಕೆ ಕಲ್ಲು ಹಾಕಲು ಗೋಡೆಯಿಲ್ಲ. ಅಡುಗೆಮನೆಯನ್ನು ಕಟ್ಟಿಸುವುದಕ್ಕಿಂತ ಅದರ ಒಲೆಯನ್ನು ದಿನವೂ ಹೊತ್ತಿಸುವುದು ಕಠಿನವೆಂಬುದು ವಿದ್ಯಾರ್ಥಿನಿಲಯದಲ್ಲಿ ಅನ್ನದಾಸೋಹವನ್ನು ಕಂಡವರಿಗೆ ಹೊಸ ಮಾತಲ್ಲ.

ನಿತ್ಯದ ವೆಚ್ಚವನ್ನು ಊರವರು ತಾವೇ ಹೊತ್ತ ಉದಾಹರಣೆಯೂ ಉಂಟು. ಆಗ ಕೋಲಾರ ಜಿಲ್ಲೆಯಲ್ಲಿದ್ದ ಶಿಡ್ಲಘಟ್ಟ ತಾಲ್ಲೂಕಿನ ಮಳ್ಳೂರಿನಲ್ಲಿ 1973ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರೂ ಹಾಲು ಉತ್ಪಾದಕರ ಸಹಕಾರ ಸಂಘದವರೂ ಕೂಡಿ ಆರೋಗ್ಯಸೇವೆಯೊಂದನ್ನು ತೊಡಗಿಸಿದರು. ಡೇರಿಗೆ ಹಾಕಿದ ಪ್ರತಿ ಲೀಟರು ಹಾಲಿನ ಲೆಕ್ಕದಲ್ಲಿ ಪುಡಿಕಾಸಿನ ಪಾಲು ಆರೋಗ್ಯಕ್ಕೆ ಸಲ್ಲುತ್ತಿತ್ತು. ರೇಷ್ಮೆ ಹಾಲುಗಳೇ ಜೀವನಾಧಾರವಾದ ಆ ಸೀಮೆಗೂ ಕನಕಪುರದ ಸೀಮೆಗೂ ಸ್ವಭಾವದಲ್ಲಿ ಅಂತರವಿಲ್ಲ. ಬೆಳಿಗ್ಗೆ ಸಂಜೆ ಕ್ಯಾನು ಹಿಡಿದು ಡೇರಿಯ ಮುಂದೆ ಸಾಲುನಿಲ್ಲುವ ಮನೆಗಳು ಇಲ್ಲಿಯೂ ಇವೆ. ಇಂತಹ ಸ್ಥಳೀಯ ಪಾಲು ಮೊದಲೇ ಕೂಡಿದ್ದರೆ ಪ್ರತಿಷ್ಠಾನದ ಬಾಗಿಲಲ್ಲಿ ನಿಲ್ಲುವವನು ಯಾಚಕನಲ್ಲ, ಪಾಲುದಾರ.

ಇದಲ್ಲದೆ 2005ರ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಹುಟ್ಟಿದ ಗ್ರಾಮ ಆರೋಗ್ಯ ಸಮಿತಿಗೆ ವರ್ಷಕ್ಕೆ 10,000 ರೂಪಾಯಿಯವರೆಗೆ ಮುಕ್ತನಿಧಿ ಎಂಬ ಏರ್ಪಾಡಿತ್ತು. ಮೊತ್ತ ಅಲ್ಪ, ಆದರೆ ಆಶಾ ಕಾರ್ಯಕರ್ತೆಯೊಡನೆ ಕುಳಿತು ಇಂತಹ ಹಣಕ್ಕೆ ಲೆಕ್ಕ ಬರೆದು ರೂಢಿಯಾದ ಊರಿಗೆ ದೊಡ್ಡ ಹಣದ ಲೆಕ್ಕ ಭಾರವಾಗದು.

ಹಳೆಯ ವಿದ್ಯಾರ್ಥಿಗಳು ಕೂಡಿ ಆರೋಗ್ಯಸೇವೆಗೆ ಸಂಘ ಕಟ್ಟುವುದಾದರೆ ತಡಮಾಡದಿರುವುದು ಲೇಸು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಡಿ ನೋಂದಣಿ ಮೊದಲನೆಯದು. ಅನಂತರ ಆದಾಯ ತೆರಿಗೆ ಇಲಾಖೆಯಿಂದ ಧರ್ಮಾರ್ಥ ಸಂಸ್ಥೆಯೆಂಬ ಮಾನ್ಯತೆ, ಕೊಡುವವರಿಗೆ ತೆರಿಗೆಯ ರಿಯಾಯಿತಿ ದೊರಕಿಸುವ ಮಾನ್ಯತೆ. ಕಂಪೆನಿಗಳ ಹಣ ಬೇಕೆಂದರೆ 2021ರ ಏಪ್ರಿಲಿನಿಂದ ಕೇಂದ್ರದ ಕಂಪೆನಿ ವ್ಯವಹಾರಗಳ ಮಂತ್ರಾಲಯದಲ್ಲಿಯೂ ಹೆಸರು ದಾಖಲಾಗಬೇಕು. ಜೊತೆಗೆ, ಅದೇ ಬಗೆಯ ಕೆಲಸದಲ್ಲಿ 3 ವರ್ಷಗಳ ಅನುಭವವನ್ನು ನಿಯಮವು ಕೇಳುತ್ತದೆ. ಈ 3 ವರ್ಷಗಳಲ್ಲಿ ಹೊರಗಿನ ಹಣವನ್ನು ನೆಚ್ಚುವಂತಿಲ್ಲ. ದಾದಿಗೆ ತಿಂಗಳ ಸಂಬಳ, ಮಾತ್ರೆಯ ಖರೀದಿ, ಡೀಸೆಲ್ಲಿನ ರಸೀದಿ, ವರ್ಷದ ಕೊನೆಗೆ ಲೆಕ್ಕಪರಿಶೋಧಕರ ರುಜು, ಇಷ್ಟನ್ನೂ ಊರಿನ ವಂತಿಗೆಯಿಂದಲೇ ನಡೆಸಿ ತೋರಿಸಬೇಕಾಗುತ್ತದೆ.