‘ಗೆಟ್ ಇನ್‌ಟು ದ ಹ್ಯಾಬಿಟ್ ಆಫ್’: ರೂಢಿಯ ಮಾತನ್ನು ಇಂಗ್ಲಿಷಲ್ಲಿ ಸರಿಯಾಗಿ ಹೇಳೋದು ಹೇಗೆ?

ನಮ್ಮ ಕಣಕಟ್ಟೆ ಕಡೆ ‘ಬೆಳಗ್ಗೆ ಬೇಗ ಏಳೋದು ರೂಢಿ ಮಾಡ್ಕೊಂಡೆ’ ಅಂತೀವಿ. ಇದಕ್ಕೆ ಇಂಗ್ಲಿಷಲ್ಲಿರೋ ಮಾತು ‘ಗೆಟ್ ಇನ್‌ಟು ದ ಹ್ಯಾಬಿಟ್ ಆಫ್’. ಇವತ್ತು ಇದನ್ನ ಬಳಸೋದು ಹೇಗೆ ಅಂತ ನೋಡೋಣ.

ಮೊದಲು ಅರ್ಥ. ‘ಗೆಟ್ ಇನ್‌ಟು’ ಅಂದ್ರೆ ಒಳಗೆ ಹೋಗೋದು. ಅಭ್ಯಾಸ ಒಂದು ಮನೆ ಅಂದ್ಕೊಳ್ಳಿ. ಹೊಸದಾಗಿ ರೂಢಿಯಾದ್ರೆ ‘ಗೆಟ್ ಇನ್‌ಟು’. ಈಗಾಗ್ಲೇ ಒಳಗಿದ್ರೆ ‘ಐ ಆ್ಯಮ್ ಇನ್ ದ ಹ್ಯಾಬಿಟ್ ಆಫ್’. ಬಿಟ್ಟು ಹೊರಗೆ ಬಂದ್ರೆ ‘ಗೆಟ್ ಔಟ್ ಆಫ್ ದ ಹ್ಯಾಬಿಟ್ ಆಫ್’.

ಎರಡನೇದು, ‘ಆಫ್’ ಆದ್ಮೇಲೆ ಬರುವ ಕ್ರಿಯಾಪದಕ್ಕೆ ‘ಇಂಗ್’ ಸೇರಲೇಬೇಕು. ‘ಐ ಗಾಟ್ ಇನ್‌ಟು ದ ಹ್ಯಾಬಿಟ್ ಆಫ್ ವೇಕಿಂಗ್ ಅಪ್ ಅರ್ಲಿ’ ಸರಿ. ‘ಹ್ಯಾಬಿಟ್ ಟು ವೇಕ್ ಅಪ್’ ತಪ್ಪು. ‘ಏಳೋ ಅಭ್ಯಾಸ’ ಅಂತೀವಲ್ಲ, ಅದರಲ್ಲಿ ‘ಏಳೋ’ ಇರೋ ಜಾಗಕ್ಕೆ ‘ವೇಕಿಂಗ್ ಅಪ್’ ಬಂತು ಅಂತ ನೆನಪಿಡಿ.

ಇನ್ನೊಂದು ಗೊಂದಲ ನಮ್ಮ ‘ಅಭ್ಯಾಸ’ ಪದದಿಂದಲೇ ಬರುತ್ತೆ. ಕಬಡ್ಡಿ ಅಭ್ಯಾಸ ಮಾಡೋದು ‘ಪ್ರ್ಯಾಕ್ಟೀಸ್’. ಊಟ ಆದ್ಮೇಲೆ ಎಲೆ ಅಡಿಕೆ ಹಾಕೋ ಅಭ್ಯಾಸ ‘ಹ್ಯಾಬಿಟ್’. ನಮಗೆ ಒಂದೇ ಪದ, ಇಂಗ್ಲಿಷಲ್ಲಿ ಎರಡು.

ಈಗ ನಿಜವಾಗ್ಲೂ ಹುಷಾರಾಗಿರಬೇಕಾದ ಜಾಗ: ‘ಯೂಸ್ಡ್ ಟು’. ಅರಸೀಕೆರೇಲಿ ರೈಲು ಹತ್ತಿ, ತಾತನ್ನ ಬೆಂಗಳೂರಿನ ಆಸ್ಪತ್ರೆಗೆ ಕರ್ಕೊಂಡು ಹೋಗಿದೀರಿ ಅಂದ್ಕೊಳ್ಳಿ. ಡಾಕ್ಟರಿಗೆ ಕನ್ನಡ ಬರಲ್ಲ, ಮಾತಾಡೋರು ನೀವೇ. ತಾತ ದಿನಾ ಬಿಪಿ ಮಾತ್ರೆ ತಗೊಳ್ತಾರೆ ಅನ್ನೋದನ್ನ ‘ಹಿ ಯೂಸ್ಡ್ ಟು ಟೇಕ್ ಬಿಪಿ ಟ್ಯಾಬ್ಲೆಟ್ಸ್ ಡೈಲಿ’ ಅಂದ್ರೆ, ಡಾಕ್ಟರಿಗೆ ಕೇಳಿಸೋದು ‘ಮೊದಲು ತಗೊಳ್ತಿದ್ರು, ಈಗ ಇಲ್ಲ’ ಅಂತ. ಅದನ್ನೇ ನಂಬಿ ಇನ್ನೊಂದು ಮಾತ್ರೆ ಬರೆದುಕೊಟ್ರೆ? ಇಲ್ಲಿ ಬೇಕಾದ್ದು ಸರಳ ವಾಕ್ಯ: ‘ಹಿ ಟೇಕ್ಸ್ ಬಿಪಿ ಟ್ಯಾಬ್ಲೆಟ್ಸ್ ಡೈಲಿ’.

ಹಾಗಂತ ‘ಯೂಸ್ಡ್ ಟು’ ಕಂಡಲ್ಲೆಲ್ಲ ಹಳೇ ಕಥೆ ಅಂದ್ಕೋಬೇಡಿ. ಹಿಂದೆ ‘ಆ್ಯಮ್’, ‘ಈಸ್’ ಅಥವಾ ‘ಗೆಟ್’ ಇದ್ರೆ ಅರ್ಥ ‘ಒಗ್ಗಿಕೊಳ್ಳೋದು’. ‘ಐ ಆ್ಯಮ್ ಯೂಸ್ಡ್ ಟು ವರ್ಕಿಂಗ್ ಅಟ್ ನೈಟ್’ ಅಂದ್ರೆ ರಾತ್ರಿ ಕೆಲಸ ನನಗೆ ಒಗ್ಗಿದೆ. ‘ಐ ಯೂಸ್ಡ್ ಟು ವರ್ಕ್ ಅಟ್ ನೈಟ್’ ಅಂದ್ರೆ ಆ ಕೆಲಸ ಈಗ ಮಾಡ್ತಿಲ್ಲ. ಇಂಟರ್‌ವ್ಯೂನಲ್ಲಿ ಈ ವ್ಯತ್ಯಾಸ ದೊಡ್ಡದು.

ಇವತ್ತು ರಾತ್ರಿ ನಿಮ್ಮದೇ ಮೂರು ವಾಕ್ಯ ಮಾಡಿ, ಜೋರಾಗಿ ಹೇಳಿ: ರೂಢಿಯಾದದ್ದು ಒಂದು, ಬಿಟ್ಟದ್ದು ಒಂದು, ಒಗ್ಗಿಹೋದದ್ದು ಒಂದು. ಮುಂದಿನ ಸಂಚಿಕೆಯಲ್ಲಿ ಸಿಗೋಣ.