ಬಾಗಿಲ ಒಳಗಿನ ಕತ್ತಲೆ: ಅಂಧ ನಾಯಕಿಯ ಥ್ರಿಲ್ಲರ್‌ಗಳು ಮತ್ತು ದಂಡುಪಾಳ್ಯದ ನೆನಪು

ಹೊಸಕೋಟೆ: ಮನೆಯಲ್ಲಿ ಮಹಿಳೆ ಒಬ್ಬಳೇ ಇದ್ದಾಳೆ. ಆಕೆಗೆ ಕಣ್ಣು ಕಾಣದು. ಅದು ಹುಟ್ಟಿನಿಂದ ಬಂದ ಅಂಧತ್ವವಲ್ಲ. ಅಪಘಾತದಿಂದಲೋ, ಶಸ್ತ್ರಚಿಕಿತ್ಸೆಯ ನಂತರ ಕಟ್ಟಿದ ಬ್ಯಾಂಡೇಜಿನಿಂದಲೋ ಒದಗಿದ್ದು. ಇಂತಹ ಮನೆಯೊಳಗೆ ಅಪರಿಚಿತನೊಬ್ಬ ಕಾಲಿಡುತ್ತಾನೆ. ಜಗತ್ತಿನ ಹಲವು ಭಾಷೆಗಳ ಸಿನಿಮಾಗಳು ಇಷ್ಟೇ ಕಥೆಯನ್ನು ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಹೇಳುತ್ತ ಬಂದಿವೆ. ಪ್ರೇಕ್ಷಕರು ಇಂದಿಗೂ ಉಸಿರು ಬಿಗಿಹಿಡಿದು ನೋಡುತ್ತಾರೆ.

ಮನೆಗೆ ನುಗ್ಗುವವರ ಕಥೆ ಹೊಸಕೋಟೆಯ ಜನರಿಗೆ ಕೇವಲ ಸಿನಿಮಾ ಅಲ್ಲ. ಇದೇ ತಾಲ್ಲೂಕಿನ ದಂಡುಪಾಳ್ಯ ಎಂಬ ಊರಿನ ಹೆಸರು ಅಂತಹ ಅಪರಾಧಗಳಿಗೆ ಪರ್ಯಾಯ ಪದವಾಗಿ ಬಳಕೆಯಲ್ಲಿದೆ. ಈ ಪ್ರಕಾರದ ಸಿನಿಮಾ ಭಯವನ್ನು ಹೇಗೆ ಕಟ್ಟುತ್ತದೆ, ನಮ್ಮ ನೆಲದ ಕಥೆಯನ್ನು ತೆರೆಗೆ ತಂದಾಗ ಏನು ಉಳಿಯಿತು, ಏನು ಬಿಟ್ಟುಹೋಯಿತು ಎಂಬುದನ್ನು ವಿವರಿಸುವ ಪ್ರಯತ್ನ ಇಲ್ಲಿದೆ.

ನಾಟಕದಿಂದ ತೆರೆಗೆ

ಈ ಬಗೆಯ ಸಿನಿಮಾಗಳಲ್ಲಿ ಅತ್ಯಂತ ಹೆಸರಾದದ್ದು 1967ರ ‘ವೇಟ್ ಅಂಟಿಲ್ ಡಾರ್ಕ್’. ಫ್ರೆಡ್ರಿಕ್ ನಾಟ್ ಬರೆದ ಮೂಲ ನಾಟಕ 1966ರಲ್ಲಿ ನ್ಯೂಯಾರ್ಕ್‌ನ ಬ್ರಾಡ್‌ವೇ ರಂಗಭೂಮಿಯಲ್ಲಿ ಪ್ರದರ್ಶನ ಕಂಡಿತ್ತು. ಮರುವರ್ಷ ಟೆರೆನ್ಸ್ ಯಂಗ್ ಅದನ್ನು ಚಲನಚಿತ್ರವಾಗಿಸಿದರು. ನಾಯಕಿ ಸೂಸಿಯ ಪಾತ್ರಕ್ಕಾಗಿ ಆಡ್ರೆ ಹೆಪ್‌ಬರ್ನ್ ಆಸ್ಕರ್ ನಾಮನಿರ್ದೇಶನ ಪಡೆದರು.

ಅಪಘಾತದಲ್ಲಿ ದೃಷ್ಟಿ ಕಳೆದುಕೊಂಡ ಸೂಸಿ ಹೊಸ ಬದುಕಿಗೆ ಒಗ್ಗಿಕೊಳ್ಳುತ್ತಿರುತ್ತಾಳೆ. ಛಾಯಾಗ್ರಾಹಕನಾದ ಆಕೆಯ ಪತಿಯ ಕೈಗೆ, ಅವನಿಗೇ ತಿಳಿಯದಂತೆ, ಹೆರಾಯಿನ್ ತುಂಬಿದ ಗೊಂಬೆಯೊಂದು ಸೇರಿರುತ್ತದೆ. ಅದನ್ನು ಹುಡುಕಿಕೊಂಡು ಮೂವರು ಬರುತ್ತಾರೆ. ಅವರು ಬಾಗಿಲು ಒಡೆಯುವುದಿಲ್ಲ. ಒಬ್ಬ ಪತಿಯ ಹಳೆಯ ಸ್ನೇಹಿತನೆನ್ನುತ್ತಾನೆ, ಇನ್ನೊಬ್ಬ ಪೊಲೀಸ್ ಎನ್ನುತ್ತಾನೆ, ಮತ್ತೊಬ್ಬ ಒಮ್ಮೆ ಮುದುಕನಾಗಿ, ಇನ್ನೊಮ್ಮೆ ಆ ಮುದುಕನ ಮಗನಾಗಿ ಬರುತ್ತಾನೆ.

ಸೂಸಿ ಈ ಮೋಸವನ್ನು ಕಿವಿಯಿಂದಲೇ ಬಯಲು ಮಾಡುತ್ತಾಳೆ. ತಂದೆ, ಮಗ ಎಂದು ಹೇಳಿಕೊಂಡವರ ಬೂಟಿನ ಸದ್ದು ಒಂದೇ ಆಗಿರುತ್ತದೆ. ಬಂದವರೆಲ್ಲ ಕಾರಣವಿಲ್ಲದೆ ಕಿಟಕಿಯ ಪರದೆಯನ್ನು ಎಳೆಯುತ್ತಿರುವುದೂ ಆಕೆಯ ಗಮನಕ್ಕೆ ಬರುತ್ತದೆ. ಕೊನೆಗೆ ಆಕೆ ಮನೆಯ ಬಲ್ಬುಗಳನ್ನು ಒಂದೊಂದಾಗಿ ಒಡೆಯುತ್ತಾಳೆ. ಬೆಳಕಿಲ್ಲದ ಮನೆಯಲ್ಲಿ ಕಣ್ಣಿದ್ದವನೇ ಕುರುಡ. ಆದರೆ ಬಾಗಿಲು ತೆರೆದರೆ ಫ್ರಿಜ್ಜಿನೊಳಗೆ ದೀಪ ಹೊತ್ತಿಕೊಳ್ಳುತ್ತದೆ ಎಂಬುದನ್ನು ಆಕೆ ಮರೆತಿರುತ್ತಾಳೆ. ಬಿಡುಗಡೆಯಾದ ಕಾಲದಲ್ಲಿ ಕೊನೆಯ ಕೆಲವು ನಿಮಿಷ ಚಿತ್ರಮಂದಿರದ ದೀಪಗಳನ್ನೂ ಸಾಧ್ಯವಾದಷ್ಟು ಆರಿಸಲಾಗುವುದೆಂದು ಪ್ರಚಾರ ಮಾಡಲಾಗಿತ್ತು.

ಎರಡು ವಾರದ ಕತ್ತಲೆ

ತಾತ್ಕಾಲಿಕ ಅಂಧತ್ವವನ್ನೇ ಕಥೆಯ ಬೆನ್ನೆಲುಬಾಗಿಸಿಕೊಂಡ ಚಿತ್ರ 2010ರ ಸ್ಪ್ಯಾನಿಷ್ ಭಾಷೆಯ ‘ಜೂಲಿಯಾಸ್ ಐಸ್’. ಗಿಯೆಮ್ ಮೊರಾಲೆಸ್ ನಿರ್ದೇಶಿಸಿದ, ಬೆಲೆನ್ ರುವೇಡಾ ನಟಿಸಿದ ಈ ಚಿತ್ರದಲ್ಲಿ ಜೂಲಿಯಾಳ ದೃಷ್ಟಿ ಕಾಯಿಲೆಯೊಂದರಿಂದ ಕ್ಷೀಣಿಸುತ್ತಿರುತ್ತದೆ. ಅದೇ ಕಾಯಿಲೆಯಿದ್ದ ಅವಳಿ ಸಹೋದರಿಯ ಸಾವು ಆತ್ಮಹತ್ಯೆಯಲ್ಲ ಎಂಬ ಶಂಕೆ ಆಕೆಯದು. ಕಣ್ಣಿನ ಶಸ್ತ್ರಚಿಕಿತ್ಸೆಯ ಬಳಿಕ ಎರಡು ವಾರ ಬ್ಯಾಂಡೇಜ್ ಬಿಚ್ಚುವಂತಿಲ್ಲ. ಆ ಅವಧಿಯನ್ನು ಆಕೆ ಸಹೋದರಿಯ ಮನೆಯಲ್ಲಿಯೇ ಕಳೆಯುತ್ತಾಳೆ.

ಇಲ್ಲಿ ನಿರ್ದೇಶಕರು ಒಂದು ಸರಳ ಉಪಾಯ ಬಳಸಿದ್ದಾರೆ. ಜೂಲಿಯಾಳ ಕಣ್ಣಿಗೆ ಬಟ್ಟೆ ಕಟ್ಟಿರುವಷ್ಟು ಹೊತ್ತು ಆಕೆಯ ಸುತ್ತ ಇರುವವರ ಮುಖವನ್ನು ಕ್ಯಾಮೆರಾ ತೋರಿಸುವುದಿಲ್ಲ. ಬೆನ್ನು, ಕೈ, ಧ್ವನಿ ಇಷ್ಟೇ. ಆಕೆಗೆ ತಿಳಿಯದ್ದು ಪ್ರೇಕ್ಷಕನಿಗೂ ತಿಳಿಯದು. ತಾಪ್ಸಿ ಪನ್ನು ನಟಿಸಿ, ಅಜಯ್ ಬಹಲ್ ನಿರ್ದೇಶಿಸಿದ 2022ರ ಹಿಂದಿ ಚಿತ್ರ ‘ಬ್ಲರ್’ ಇದರದೇ ರೀಮೇಕ್.

ಅಂಧತ್ವ ತಾತ್ಕಾಲಿಕವಾಗಿದ್ದರೆ ಭಯ ಹೆಚ್ಚುವುದೇಕೆ? ಬಹುಕಾಲದಿಂದ ದೃಷ್ಟಿಯಿಲ್ಲದವರಿಗೆ ತಮ್ಮ ಮನೆ ಅಂಗೈಯಷ್ಟೇ ಪರಿಚಿತ. ಹೊಸ್ತಿಲು ಎಲ್ಲಿ, ಮೆಟ್ಟಿಲು ಎಷ್ಟು, ಯಾವ ಕುರ್ಚಿ ಸರಿದಿದೆ ಎಂಬುದು ಕೈಗೂ ಕಾಲಿಗೂ ಗೊತ್ತಿರುತ್ತದೆ. ಹೊಸದಾಗಿ ಕತ್ತಲೆಗೆ ಬಿದ್ದವರಿಗೆ ಆ ಅಭ್ಯಾಸ ಇನ್ನೂ ಬಂದಿರುವುದಿಲ್ಲ. ಬ್ಯಾಂಡೇಜ್ ಬಿಚ್ಚುವ ದಿನ ನಿಗದಿಯಾಗಿರುವುದರಿಂದ ಪ್ರೇಕ್ಷಕ ದಿನಗಳನ್ನು ಎಣಿಸತೊಡಗುತ್ತಾನೆ. ವಾಸ್ತವದಲ್ಲಿ ಕಾರ್ನಿಯಾ ಕಸಿಯನ್ನು ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಕಣ್ಣಿಗೆ ಮಾಡುತ್ತಾರೆ. ಪಟ್ಟಿಯನ್ನು ಬಹುಪಾಲು ಮರುದಿನವೇ ತೆಗೆಯುತ್ತಾರೆ. ಎರಡು ವಾರದ ಕತ್ತಲೆ ಕಥೆಗಾರರು ಪಡೆದುಕೊಂಡ ಸ್ವಾತಂತ್ರ್ಯ.

ನೀರು ಕೇಳಿ ಬಂದವರು

ಈ ಸಿನಿಮಾಗಳ ದುಷ್ಟರು ಬೀಗ ಒಡೆಯುವುದಕ್ಕಿಂತ ನಂಬಿಕೆಯನ್ನು ಬಳಸಿಕೊಂಡು ಒಳಬರುವುದೇ ಹೆಚ್ಚು. ಹೊಸಕೋಟೆಯ ನೆನಪು ಇದಕ್ಕೆ ಹತ್ತಿರವಾಗುವುದು ಇಲ್ಲಿಯೇ.

1990ರ ದಶಕದ ಉತ್ತರಾರ್ಧದಲ್ಲಿ ಬೆಂಗಳೂರು ಮತ್ತು ಸುತ್ತಲಿನ ಬಡಾವಣೆಗಳಲ್ಲಿ ನಡೆದ ಸರಣಿ ದರೋಡೆ ಹಾಗೂ ಕೊಲೆ ಪ್ರಕರಣಗಳಲ್ಲಿ ಪೊಲೀಸರು ‘ದಂಡುಪಾಳ್ಯ ಗ್ಯಾಂಗ್’ ಎಂದು ಕರೆಯಲಾದ ತಂಡವನ್ನು ಬಂಧಿಸಿದರು. ಪೊಲೀಸರು ವಿವರಿಸಿದ ಕಾರ್ಯವಿಧಾನ ಇಂದಿಗೂ ಜನರ ನೆನಪಿನಲ್ಲಿದೆ: ಹಗಲು ಹೊತ್ತು ಒಂಟಿ ಮನೆಯನ್ನು ಗುರುತಿಸುವುದು, ಕುಡಿಯಲು ನೀರು ಕೇಳುವ ನೆಪದಲ್ಲಿ ಬಾಗಿಲು ತೆರೆಸುವುದು, ಒಳಗೆ ಮಹಿಳೆ ಒಬ್ಬಳೇ ಇದ್ದರೆ ನುಗ್ಗುವುದು. ವಿಚಾರಣಾ ನ್ಯಾಯಾಲಯಗಳು ಹಲವು ಪ್ರಕರಣಗಳಲ್ಲಿ ಮರಣದಂಡನೆ ವಿಧಿಸಿದ್ದವು. ಮೇಲ್ಮನವಿಯ ಹಂತದಲ್ಲಿ ಕೆಲವು ಶಿಕ್ಷೆಗಳು ಜೀವಾವಧಿಗೆ ಇಳಿದರೆ, ಕೆಲವು ಪ್ರಕರಣಗಳಲ್ಲಿ ಆರೋಪಿಗಳು ಖುಲಾಸೆಗೊಂಡರು.

ಬಾಯಾರಿ ಬಂದವರಿಗೆ ನೀರು ಕೊಡುವುದು ನಮ್ಮಲ್ಲಿ ಧರ್ಮವೆಂದೇ ಎಣಿಸಲಾದ ನಡತೆ. ಬಯಲುಸೀಮೆಯಲ್ಲಂತೂ ಇಲ್ಲವೆನ್ನುವುದು ಪಾಪ ಎಂಬ ಭಾವನೆಯಿದೆ. ಆ ಪ್ರಕರಣಗಳು ಕೆದಕಿದ್ದು ಈ ನಂಬಿಕೆಯನ್ನು. ಸೂಸಿಯ ಮನೆಗೆ ‘ಸ್ನೇಹಿತ’ ಬಂದಂತೆ, ಇಲ್ಲಿ ‘ಬಾಯಾರಿದವರು’ ಬಂದರು. ಆಕೆಗೆ ಕಣ್ಣಿರಲಿಲ್ಲ, ಇಲ್ಲಿ ಕಣ್ಣಿದ್ದವರಿಗೂ ಅಪಾಯ ಕಾಣಿಸಲಿಲ್ಲ.

ಕ್ಯಾಮೆರಾ ನಿಂತದ್ದು ಎಲ್ಲಿ?

2012ರಲ್ಲಿ ಶ್ರೀನಿವಾಸ ರಾಜು ನಿರ್ದೇಶನದ ‘ದಂಡುಪಾಳ್ಯ’ ತೆರೆಕಂಡಿತು. ಪೂಜಾ ಗಾಂಧಿ, ಮಕರಂದ್ ದೇಶಪಾಂಡೆ, ಪಿ. ರವಿಶಂಕರ್ ಮುಖ್ಯ ಪಾತ್ರಗಳಲ್ಲಿದ್ದ ಚಿತ್ರ ಕನ್ನಡದಲ್ಲಿ ಮಾತ್ರವಲ್ಲದೆ ತೆಲುಗಿಗೆ ಡಬ್ ಆಗಿಯೂ ಯಶಸ್ಸು ಕಂಡಿತು. 2017ರ ಎರಡನೆಯ ಭಾಗ ಪ್ರಶ್ನೆಯನ್ನು ತಿರುಗಿಸಿ, ಬಂಧಿತರೇ ನಿಜವಾದ ಅಪರಾಧಿಗಳೇ, ಪೊಲೀಸರು ನಡೆದುಕೊಂಡ ಬಗೆ ಎಂತಹದು ಎಂದು ಕೇಳಿತು. ಅನಂತರವೂ ಸರಣಿ ಮುಂದುವರಿಯಿತು.

ಅಂಧ ನಾಯಕಿಯ ಚಿತ್ರಗಳಿಗೂ ಈ ಸರಣಿಗೂ ಇರುವ ಮೂಲಭೂತ ವ್ಯತ್ಯಾಸ ಕ್ಯಾಮೆರಾ ನಿಂತಿರುವ ಜಾಗದಲ್ಲಿದೆ. ‘ವೇಟ್ ಅಂಟಿಲ್ ಡಾರ್ಕ್’ ಚಿತ್ರದಲ್ಲಿ ಅದು ಬಹುಪಾಲು ಬಾಗಿಲಿನ ಒಳಗೆ, ಸೂಸಿಯ ಜೊತೆಗಿದೆ. ಆಕೆಯ ದಿನಚರಿ, ಪತಿಯ ಮೇಲಿನ ಮುನಿಸು, ಮೇಲಿನ ಮನೆಯ ಹುಡುಗಿಯೊಂದಿಗಿನ ಜಗಳ ಮತ್ತು ಸ್ನೇಹ ಎಲ್ಲವೂ ನಮಗೆ ಗೊತ್ತಾಗುತ್ತವೆ. ಆಕೆ ಬದುಕಬೇಕೆಂದು ನಾವು ಬಯಸುವುದು ಇದರಿಂದಲೇ. ‘ದಂಡುಪಾಳ್ಯ’ ಚಿತ್ರದಲ್ಲಿ ಕ್ಯಾಮೆರಾ ಹೊರಗಿನವರ ಜೊತೆ ಬಂದು, ಅವರ ಜೊತೆಯೇ ಮುಂದಿನ ಮನೆಗೆ ಹೊರಡುತ್ತದೆ. ಬಾಗಿಲು ತೆರೆದ ಮಹಿಳೆಯ ಪಾಲಿಗೆ ಸಿಗುವುದು ಕೆಲವು ನಿಮಿಷ ಮಾತ್ರ. ಗ್ಯಾಂಗಿನವರ ಮಾತು, ವೇಷ, ಕ್ರೌರ್ಯ ನೆನಪಿನಲ್ಲಿ ಉಳಿದರೆ, ಸತ್ತವರು ಲೆಕ್ಕದ ಸಂಖ್ಯೆಯಾಗುತ್ತಾರೆ.

ಅಪರಾಧಿಯ ಮನಸ್ಸನ್ನು ಶೋಧಿಸುವುದು ಕಲೆಗೆ ನಿಷಿದ್ಧವಲ್ಲ. ಆದರೆ ಮನೆಯೊಳಗಿದ್ದವರಿಗೂ ಬುದ್ಧಿ, ಧೈರ್ಯ, ಹೋರಾಟ ಇದ್ದಿರಬೇಕೆಂಬುದನ್ನು ಅಂಧ ನಾಯಕಿಯ ಚಿತ್ರಗಳು ಮರೆಯುವುದಿಲ್ಲ. ಅವುಗಳನ್ನು ಅಗ್ಗದ ರೋಮಾಂಚನವೆಂದು ತಳ್ಳಿಹಾಕುವ ಮುನ್ನ ಈ ಅಂಶ ಗಮನಿಸಬೇಕು.

ಊರಿಗೆ ಅಂಟಿದ ಹೆಸರು

ಇದರ ಇನ್ನೊಂದು ಪರಿಣಾಮ ಊರಿನ ಮೇಲಾದದ್ದು. ಸೂಸಿಯ ಮನೆಯಿದ್ದ ನ್ಯೂಯಾರ್ಕ್‌ನ ಗ್ರೀನಿಚ್ ವಿಲೇಜ್ ಹೆಸರು ಕೇಳಿ ಯಾರೂ ಬೆಚ್ಚಿಬೀಳುವುದಿಲ್ಲ. ದಂಡುಪಾಳ್ಯದ ಮಾತು ಹಾಗಲ್ಲ. ಸುದ್ದಿಯಲ್ಲಿ ಗ್ಯಾಂಗಿನ ಗುರುತಾಗಿ ಬಂದ ಹೆಸರು ಸಿನಿಮಾದ ಶೀರ್ಷಿಕೆಯಾಯಿತು, ಬಳಿಕ ರಾಜಕಾರಣಿಗಳು ಪರಸ್ಪರ ಬೈದುಕೊಳ್ಳುವ ಪದವೂ ಆಯಿತು. ಬೆರಳೆಣಿಕೆಯ ಜನರ ಮೇಲಿನ ಆರೋಪದ ಭಾರವನ್ನು, ಆ ಅಪರಾಧಗಳ ನಂತರ ಹುಟ್ಟಿದ ಮಕ್ಕಳೂ ಊರಿನ ಹೆಸರು ಹೇಳುವಾಗಲೆಲ್ಲ ಹೊರಬೇಕಾಗಿದೆ.

ಬೆಂಗಳೂರಿನಿಂದ ಸುಮಾರು 25 ಕಿ.ಮೀ. ದೂರದ ಹೊಸಕೋಟೆ ಇಂದು ಹಳೆಯ ಮದ್ರಾಸ್ ರಸ್ತೆಯ ಉದ್ದಕ್ಕೂ ಬೆಳೆಯುತ್ತಿರುವ ಪಟ್ಟಣ. ಹೊಲಗಳಿದ್ದಲ್ಲಿ ಬಡಾವಣೆಗಳು, ಅಪಾರ್ಟ್‌ಮೆಂಟ್‌ಗಳು ಎದ್ದಿವೆ. ಅಕ್ಕಪಕ್ಕದವರ ಪರಿಚಯವಿಲ್ಲದ ಹೊಸ ಮನೆಗಳಲ್ಲಿ ಹಗಲು ಒಬ್ಬಂಟಿಯಾಗಿರುವ ಮಹಿಳೆಯರು, ವೃದ್ಧರು ಅನೇಕರಿದ್ದಾರೆ. ಅವರಿಗೆ ಕಬ್ಬಿಣದ ಗ್ರಿಲ್, ಬಾಗಿಲಿನ ಸರಪಳಿ, ಸಿಸಿಟಿವಿ ಕ್ಯಾಮೆರಾಗಳು ಬೇಕು. ಕರೆದರೆ ಓಗೊಡುವ ನೆರೆಮನೆಯೂ ಅಷ್ಟೇ ಬೇಕು. ಸೂಸಿಯ ನೆರವಿಗೆ ಮೊದಲು ಬಂದದ್ದು ಪೊಲೀಸರಲ್ಲ, ಮೇಲಿನ ಮನೆಯ ಪುಟ್ಟ ಹುಡುಗಿ.

ಹೊಸಕೋಟೆಯ ಕಥೆಯನ್ನು ಬಾಗಿಲಿನ ಒಳಗಿನಿಂದ ಹೇಳಲು ಕನ್ನಡದ ನಿರ್ದೇಶಕರೊಬ್ಬರು ಮುಂದಾದರೆ ಅದು ಸತ್ತವರಿಗೆ ಸಲ್ಲುವ ಗೌರವವಾದೀತು. ಆ ಚಿತ್ರಕ್ಕೆ ಊರಿನ ಹೆಸರನ್ನು ಇಡದಿದ್ದರೆ, ಬದುಕಿರುವವರಿಗೂ ನ್ಯಾಯ ಸಂದೀತು.