ಕರಗಲೆಂದೇ ಬಳಿಯುವ ಬಣ್ಣ

ನಾರಾಯಣಪುರ ಜಲಾಶಯದ ಕೆಳಗೆ, ಕೃಷ್ಣೆಯ ನಡುಗಡ್ಡೆ ನೀಲಕಂಠರಾಯನಗಡ್ಡಿಗೆ ಜನರನ್ನು ದಾಟಿಸಿದ ಹರಿಗೋಲಿಗೆ ಡಾಂಬರು ಬಳಿಯುವುದು ನೀರು ಒಳಗೆ ಬರದಿರಲೆಂದು. ಅದು ಗಟ್ಟಿಯಾಗಿ ಕಚ್ಚಿಕೊಂಡಷ್ಟೂ ಒಳ್ಳೆಯದು. ಕಡಲ ದೋಣಿಯ ತಳಕ್ಕೆ ಬಳಿಯುವ ತಾಮ್ರದ ಬಣ್ಣದ ಲೆಕ್ಕವೇ ಬೇರೆ: ಅದು ದಿನದಿನವೂ ಸವೆಯಬೇಕು. ದೋಣಿಯ ತಳಕ್ಕೆ ಅಂಟಿ ಬೆಳೆಯುವ ಬಾರ್ನಕಲ್ ಎಂಬ ಕಡಲಜೀವಿ ಕೃಷ್ಣೆಯ ಸಿಹಿನೀರಿನಲ್ಲಿ ಬದುಕುವುದಿಲ್ಲ. ಪಾಚಿ ಹಿಡಿದರೂ ಹರಿಗೋಲನ್ನು ದಡಕ್ಕೆಳೆದು ಬೋರಲು ಹಾಕಿದರೆ ಒಣಗಿಹೋಗುತ್ತದೆ. ಕಡಲ ದೋಣಿಯೋ ತಿಂಗಳುಗಟ್ಟಲೆ ನೀರಿನಲ್ಲೇ ಇರುತ್ತದೆ. ಅದರ ತಳಕ್ಕೆ ಮೊದಲು ಬ್ಯಾಕ್ಟೀರಿಯಾಗಳ ಲೋಳೆ ಹತ್ತುತ್ತದೆ, ಬೆನ್ನಿಗೇ ಬಾರ್ನಕಲ್ ಮರಿ ಬರುತ್ತದೆ. ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಮರಿ ತನ್ನ ಮೀಸೆಗಳ ಮೇಲೆಯೇ ನಡೆದಾಡಿ ಜಾಗ ಪರೀಕ್ಷಿಸುತ್ತದೆ. ಹಿಡಿಸಿದರೆ ತಲೆಕೆಳಗಾಗಿ ಅಂಟಿಕೊಂಡು ಸುತ್ತ ಸುಣ್ಣದ ಗೋಡೆ ಕಟ್ಟುತ್ತದೆ. ಆಮೇಲೆ ಕೆತ್ತಿಯೇ ತೆಗೆಯಬೇಕು. ತಳ ಒರಟಾದಷ್ಟೂ ಡೀಸೆಲ್ ಖರ್ಚು ಏರುತ್ತದೆ.

ಹಾಗಾಗಿ ಮರಿ ಜಾಗ ಹುಡುಕುವಾಗಲೇ ಅದನ್ನು ತಡೆಯಬೇಕು. ಬಣ್ಣದೊಳಗಿನ ತಾಮ್ರದ ಆಕ್ಸೈಡ್ ಇಷ್ಟಿಷ್ಟೇ ಕರಗಿ, ತಳಕ್ಕೆ ತಾಗಿದ ನೀರಿನ ತೆಳುಪದರವನ್ನು ವಿಷವಾಗಿಸುತ್ತದೆ. ತಾಮ್ರ ಇದ್ದರೆ ಸಾಲದು, ಅದು ಕರಗಲೇಬೇಕು ಎಂಬುದಕ್ಕೆ 1824ರ ಒಂದು ಪ್ರಯೋಗವೇ ಸಾಕ್ಷಿ. ಬ್ರಿಟಿಷ್ ಹಡಗುಗಳ ತಳಕ್ಕೆ ಹೊದಿಸಿದ ತಾಮ್ರದ ತಗಡು ಉಪ್ಪುನೀರಿಗೆ ಸವೆಯುತ್ತಿತ್ತು. ರಸಾಯನವಿಜ್ಞಾನಿ ಹಂಫ್ರಿ ಡೇವಿ ತಗಡಿಗೆ ಕಬ್ಬಿಣದ ತುಂಡು ಜೋಡಿಸಿ ಸವೆತವನ್ನು ನಿಲ್ಲಿಸಿದ. ರಸಾಯನಶಾಸ್ತ್ರ ಗೆದ್ದಿತು, ಹಡಗು ಸೋತಿತು! ತಾಮ್ರವೇನೋ ಉಳಿಯಿತು, ಆದರೆ ಅದರ ಮೇಲೆ ಬಾರ್ನಕಲ್ಲು, ಕಡಲಕಳೆ ದಟ್ಟವಾಗಿ ಬೆಳೆದವು.

ಹಾಗಿದ್ದರೆ ಇನ್ನೂ ಉಗ್ರವಾದ ವಿಷ ಬೆರೆಸಬಾರದೇಕೆ? ಬೆರೆಸಿ ನೋಡಿದ್ದಾಗಿದೆ. ಟ್ರೈಬ್ಯುಟೈಲ್ ಟಿನ್ ಎಂಬ ತವರದ ಸಂಯುಕ್ತ ಹಡಗಿನ ತಳವನ್ನು ಸೊಗಸಾಗಿ ಕಾಯಿತು. ಜೊತೆಗೆ ಫ್ರಾನ್ಸಿನ ಆರ್ಕಶೋನ್ ಕೊಲ್ಲಿಯ ಸಿಂಪಿಗಳ ಚಿಪ್ಪನ್ನೂ ವಿಕಾರಗೊಳಿಸಿತು. 1982ರಲ್ಲಿ ಫ್ರಾನ್ಸ್ ಸಣ್ಣ ದೋಣಿಗಳಿಗೆ ಅದನ್ನು ನಿಷೇಧಿಸಿತು, 2008ರಲ್ಲಿ ಅಂತರರಾಷ್ಟ್ರೀಯ ನಿಷೇಧ ಜಾರಿಗೆ ಬಂತು. ವಿಷವೇ ಇಲ್ಲದ ಸಿಲಿಕೋನ್ ಲೇಪವಿದೆಯಲ್ಲ ಎನ್ನಬಹುದು. ಇದೆ, ಅದರ ಮೇಲೆ ಜೀವಿಗಳ ಹಿಡಿತ ಸಡಿಲ. ಆದರೆ ಅವು ಕಳಚಿಬೀಳಲು ಹಡಗು ವೇಗವಾಗಿ ಓಡುತ್ತಿರಬೇಕು. ನಿಧಾನವಾಗಿ ಬಲೆ ಎಳೆದು, ಉಳಿದ ದಿನ ದಕ್ಕೆಯಲ್ಲಿ ನಿಲ್ಲುವ ದೋಣಿಗೆ ಅದು ಅಷ್ಟಾಗಿ ಒದಗದು.

ಸದ್ಯಕ್ಕೆ ತಾಮ್ರವೇ ಗತಿ ಎಂದಾದರೆ, ಅದು ಎಷ್ಟು ನಿಧಾನವಾಗಿ ನೀರಿಗಿಳಿಯುತ್ತದೆ ಎಂಬುದೇ ಮುಖ್ಯ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ರಜೆ. ದೋಣಿಗಳ ರಿಪೇರಿ, ಬಣ್ಣದ ಕೆಲಸಕ್ಕೆ ಅದೇ ಬಿಡುವು. ಅದು ಮಳೆಗಾಲವೂ ಹೌದು. ಕೆರೆದ ಹಳೆಯ ಬಣ್ಣದ ಪುಡಿಯನ್ನು ಗುಡಿಸಿ ಚೀಲಕ್ಕೆ ತುಂಬದಿದ್ದರೆ, ತಿಂಗಳುಗಟ್ಟಲೆ ಹನಿಹನಿಯಾಗಿ ಇಳಿಯಬೇಕಿದ್ದ ತಾಮ್ರ ಒಂದೇ ಮಳೆಗೆ ಅಳಿವೆ ಸೇರುತ್ತದೆ.